ಬೀಗದೊಳಗಿನ ಬಾಡಿಗೆದಾರ

ನನ್ನ ಬೀಗದಂಗಡಿಯ ಪಕ್ಕದ್ದೇ ವಾಚ್ ರಿಪೇರಿ ಅಂಗಡಿ. ಅಲ್ಲಿ ಕೂರುವವರಿಗೆ ಬೀದಿಯವರು ಇಟ್ಟ ಹೆಸರು ಗಂಟೆಮುಳ್ಳು. ನಡೆಯುವುದು ಕಾಣುವುದಿಲ್ಲ, ತಲುಪಿದ ಮೇಲಷ್ಟೇ ಗೊತ್ತಾಗುತ್ತದೆ. ವಾಚು ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನೇ ಮೊಬೈಲಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಹಿತ್ತಲಲ್ಲಿ ಮಂಡಿಯೂರಿ ಹುಳಗಳ ಫೋಟೊ ತೆಗೆಯುತ್ತಾರೆ. ಒಮ್ಮೆ ಇರುವೆಯ ಮುಖ ತೋರಿಸಿದರು. ನಮ್ಮ ಭಾವನನ್ನೇ ನೋಡಿದಂತಾಯಿತು.

ಒಂದು ದಿನ ಬಂದು ಹೊಸ ಬೀಗ ಕೇಳಿದರು.

“ನಾನು ಕೊಟ್ಟಿದ್ದು ಕೆಟ್ಟೋಯ್ತಾ?”

“ಇಲ್ಲಪ್ಪ. ಅದ್ರೊಳಗೆ ಸಂಸಾರ ಹೂಡಿದಾರೆ.”

ಅವರ ಮನೆಯ ಹಿತ್ತಲ ಬಾಗಿಲಿಗೆ ನೇತುಬಿದ್ದ ಬೀಗದ ಕಿಂಡಿಯಲ್ಲಿ ಕಪ್ಪು ಕಣಜವೊಂದು ಮೊಟ್ಟೆಯಿಟ್ಟು, ಮರಿಯ ಊಟಕ್ಕೆ ಹುಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಹೋಗಿತ್ತು. ಗೂಡು ಕಟ್ಟಿದ ಫೋಟೊ ಎಲ್ಲ ಇದೆ. ಮರಿ ಹೊರಬರುವುದೊಂದು ಬೇಕು. ಹೋದ ವರ್ಷ ಕಿಟಕಿಯ ಗೂಡಿಗೆ ಮೂರು ವಾರ ಕಾದು, ಸ್ನಾನಕ್ಕೆ ಹೋದಾಗ ಅದು ಹಾರಿಹೋಗಿ, ಬರೀ ತೂತು ಸಿಕ್ಕಿತ್ತಂತೆ.

ಅವರ ಹೆಂಡತಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ಒಂದು ಬಾಗಿಲಿಗೆ ಎರಡು ಬೀಗ ಅಣ್ಣಾ! ಒಂದು ಕಳ್ಳರಿಗೆ, ಒಂದು ಕಣಜಕ್ಕೆ. ನೀವಾದ್ರೂ ಬುದ್ಧಿ ಹೇಳಬಾರದಾ?”

“ಬೀಗ ಮಾರೋನನ್ನ ಕೇಳ್ತೀಯಲ್ಲಮ್ಮ. ಮೂರನೇದು ಬೇಕಾದ್ರೆ ಹೇಳು.”

ಗೂಡು ಮುಚ್ಚಿದ ಇಪ್ಪತ್ತನೆಯ ದಿನ ಗಂಟೆಮುಳ್ಳು ಭೂತಗನ್ನಡಿ, ಮೊಬೈಲು ಎರಡನ್ನೂ ಹೆಂಡತಿಯ ಕೈಗೆ ಕೊಟ್ಟು, ಗೂಡು ಕಾಯಲು ಹೇಳಿ ಅಂಗಡಿಗೆ ಬಂದರು. ಕಣ್ಣಿಲ್ಲದೆ ಕೆಲಸ ಹೇಗೆ? ಗಿರಾಕಿಗಳಿಗೆಲ್ಲ “ನಾಳೆ” ಎನ್ನುತ್ತ ಕುಳಿತರು. ಹನ್ನೊಂದಕ್ಕೆ ನನ್ನ ಫೋನು ಹೊಡೆದುಕೊಂಡಿತು.

“ಅಣ್ಣಾ, ಅವರನ್ನ ಇಲ್ಲಿಗೆ ಓಡಿಸಿ! ಮಣ್ಣು ಅಲ್ಲಾಡ್ತಿದೆ!”

ಗಂಟೆಮುಳ್ಳು ಓಡಿದ್ದನ್ನು ಬೀದಿ ಅಂದೇ ಕಂಡದ್ದು. ಹಿಂದೆ ನಾನೂ ಓಡಿದೆ. ಹೋಗುವಷ್ಟರಲ್ಲಿ ಕಿಂಡಿ ಬರಿದು.

“ಹೋಯ್ತು. ಆದ್ರೆ ಬಿಟ್ಟಿಲ್ಲ ನಾನು,” ಎಂದು ಆಕೆ ಮೊಬೈಲು ಚಾಚಿದರು. ಸ್ವಲ್ಪ ನಡುಗಿದ ಫೋಟೊ. ಆದರೆ ಅದರಲ್ಲಿದ್ದುದು ಕಪ್ಪು ಕಣಜವಲ್ಲ. ಲೋಹದಂತೆ ಮಿರಮಿರ ಮಿಂಚುವ ಹಸಿರು.

ಗಂಟೆಮುಳ್ಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು. “ಇದು ಅದರ ಮರಿ ಅಲ್ಲ ಕಣೇ. ಬೇರೆ ಜಾತಿದು. ಇದರ ತಾಯಿ ಗೂಡಿಗೆ ನುಗ್ಗಿ ಕದ್ದು ಮೊಟ್ಟೆ ಇಟ್ಟಿದಾಳೆ.”

ನಾನು ಮಾರಿದ ಬೀಗದೊಳಗೇ ಕಳ್ಳತನ!

“ಯಾವಾಗ ನುಗ್ಗಿದ್ಲು? ದಿನಾ ಅಲ್ಲೇ ಕೂತಿದ್ರಲ್ಲ, ಏನು ನೋಡ್ತಿದ್ರಿ?” ಎಂದ ಆಕೆ ಮೊಬೈಲು ಕಿತ್ತುಕೊಂಡು ಹಳೆಯ ಫೋಟೊಗಳನ್ನು ಒಂದೊಂದಾಗಿ ಹಿಗ್ಗಿಸತೊಡಗಿದರು. ಮೂವರ ತಲೆಗಳೂ ಒಟ್ಟಿಗೆ ಬಾಗಿದವು. ಕಪ್ಪು ಕಣಜ ಹುಳ ತರಲು ಹೊರಟಿದ್ದ ಒಂದು ಫೋಟೊ. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ಸಾಸಿವೆಯಷ್ಟು ಹಸಿರು ಚುಕ್ಕೆ, ಯಜಮಾನಿ ಹೋಗುವುದನ್ನೇ ಕಾಯುತ್ತ.

ಆಗ ನೆನಪಾಯಿತು: ನನ್ನ ಅಂಗಡಿಗೆ ಬೀಗ ಹಾಕದೆ ಬಂದಿದ್ದೆ.