ಮೂರನೆಯ ದಿನ ಸಡಿಲಿಸಿದ ಕಟ್ಟು

ನಾನು ಬಂಡಿಯಿಂದ ಬೀಳುವ ಹಿಂದಿನ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಆದವಾನಿಯಲ್ಲಿ ಹತ್ತಿಯ ಸುಗ್ಗಿ. ಹತ್ತಿಯ ಬೀಜ ಬಿಡಿಸುವ ಜಿನ್ನಿನ ಸದ್ದು ಬೆಳಗಿನಿಂದಲೇ ಶುರುವಾಗಿತ್ತು. ನಾನು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು ಎದ್ದೆ. ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಇಳಿಸಿಕೊಡಿ ಎಂದು ಹೆಂಡತಿ ಕೇಳಿದಳು. ಎರಡೂ ಕೈ ಎತ್ತಿ ಇಳಿಸಿಕೊಟ್ಟೆ. ಧೂಳು ಕಣ್ಣಿಗೆ ಬಿತ್ತೆಂದು ಗೊಣಗಿದೆ. ಆಕೆ ನಕ್ಕಳು. ಅಷ್ಟೇ.

ಮರುದಿನ ಬಂಡಿಯ ಮೇಲೆ ನಿಂತು ಹತ್ತಿಯ ಅಂಡಿಗೆಗಳನ್ನು, ಎಂದರೆ ಆಳೆತ್ತರದ ಚೀಲಗಳನ್ನು, ಹೇರಿಸುತ್ತಿದ್ದೆ. ಕಟ್ಟಿದ ಹಗ್ಗ ಹರಿಯಿತು. ಎಡಭುಜ ಕೆಳಗಾಗಿ ಬಿದ್ದೆ. ಕೀಲು ತಪ್ಪಿತ್ತು. ಎಲುಬು ಕೂಡಿಸುವವನೊಬ್ಬ ಎರಡು ಸಲ ಎಳೆದು ಕೂಡಿಸಿದ, ಎರಡು ಸಲವೂ ಅದು ಜಾರಿತು. ತಿಂಗಳು ಕಳೆದ ಮೇಲೆ ರೈಲಿನಲ್ಲಿ ಬಳ್ಳಾರಿಗೆ ಹೋದೆವು. ಅಲ್ಲಿ ಕ್ಲೋರೋಫಾರಂ ಕೊಟ್ಟು, ಭುಜ ಕೊಯ್ದು, ಕೀಲನ್ನು ಒಳಗೆ ಕೂಡಿಸಿ ಹೊಲಿಗೆ ಹಾಕಿದರು. ತೋಳನ್ನು ಮಡಚಿ, ಅಂಗೈ ಎದೆಗೆ ಅಂಟುವ ಹಾಗೆ ಬಟ್ಟೆಯ ಪಟ್ಟಿ ಸುತ್ತಿ ಬಿಗಿದರು. ಎರಡೇ ದಿನಕ್ಕೆ ನಾನು ಮನೆಗೆ ಹೋಗುತ್ತೇನೆಂದು ಹಟ ಹಿಡಿದೆ. ಹೊಲಿಗೆ ಬಿಚ್ಚಲು ಮತ್ತೆ ಬರುವವರೆಗೆ ಈ ಕಟ್ಟನ್ನು ಯಾರೂ ಮುಟ್ಟಕೂಡದು ಎಂದು ಡಾಕ್ಟರು ನನಗೂ ನನ್ನ ಹೆಂಡತಿಗೂ ಬಿಡಿಸಿ ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ತಿಳಿಯಿತು, ಒಂದು ಕೈ ಹೋದರೆ ಒಂದೇ ಕೈ ಹೋಗುವುದಿಲ್ಲ. ಧೋತರ ಉಡಲು ಬಾರದು. ರೊಟ್ಟಿ ಮುರಿದರೆ ತಟ್ಟೆ ಸರಿಯುತ್ತಿತ್ತು. ಮಲಗಿದರೆ ನೋವೆಂದು ಗೋಡೆಗೆ ದಿಂಬು ಒರಗಿಸಿ ಕುಳಿತೇ ನಿದ್ದೆ ಮಾಡಬೇಕು. ಪಟ್ಟಿಯ ಒಳಗೆ ತುರಿಕೆ. ಹೆಂಡತಿ ಕಡ್ಡಿಯೊಂದನ್ನು ಹಾಕಿ ಕೆರೆದರೆ ತುರಿಕೆ ಇದ್ದ ಜಾಗವೇ ಬೇರೆ. "ಅಲ್ಲಲ್ಲ, ಕೆಳಗ!" ಎಂದು ಕಿರಿಚುತ್ತಿದ್ದೆ. ನೋಡಲು ಬಂದವರಿಗೆಲ್ಲ ಬಿದ್ದ ಕಥೆಯನ್ನು ಮೊದಲಿನಿಂದ ಹೇಳಬೇಕಿತ್ತು. ಪತ್ತಿಕೊಂಡದ ಸೋದರಮಾವ ಹೊಸ್ತಿಲಲ್ಲೇ ನಿಂತು, "ಏನಪಾ ಅಳಿಯಾ, ಮದಿವ್ಯಾಗ ಬಾಸಿಂಗ ಕಟ್ಟಿದಾಗೂ ಇಷ್ಟು ಬಿಗಿ ಕುಂತಿರಲಿಲ್ಲಲ್ಲೋ!" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಕ್ಕರೂ ಭುಜ ನೋಯುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಪೂಜೆ. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಬೇಕು. ನನ್ನ ಎಡ ಅಂಗೈ ಎದೆಗೆ ಅಂಟಿತ್ತು. ಆಸ್ಪತ್ರೆಯಲ್ಲಿ ಬಲಗೈಯಿಂದ ಲಿಂಗ ಮುಟ್ಟಿ ಕಣ್ಣಿಗೊತ್ತಿಕೊಂಡು ಉಂಡಿದ್ದೆ. ಮನೆಯಲ್ಲೂ ಎರಡು ದಿನ ಹಾಗೆಯೇ ಆಯಿತು. "ಆಪತ್ತಿನ್ಯಾಗ ಅಷ್ಟ ಸಾಕು ಮಗಾ. ಶಿವಗ ಗೊತ್ತಿಲ್ಲೇನು ನಿನ್ನ ಕೈ ಮುರದೈತಿ ಅಂತ?" ಎಂದಳು ಅವ್ವ. ಅವಳಷ್ಟು ಮಡಿವಂತೆಯೇ ಸಾಕೆಂದ ಮೇಲೆ ನಾನು ಸುಮ್ಮನಿರಬೇಕಿತ್ತು.

ಮೂರನೆಯ ದಿನ ಸುಮ್ಮನಿರಲಾಗಲಿಲ್ಲ. ಭಕ್ತಿ ಹೆಚ್ಚಾಗಿ ಅಲ್ಲ. ಮೈ ತೊಳೆಸಿಕೊಂಡು, ಉಡಿಸಿಕೊಂಡು, ತಲೆ ಬಾಚಿಸಿಕೊಂಡು ಕುಳಿತಾಗ, ನಾನೇ ಮಾಡುವ ಕೆಲಸ ಒಂದಾದರೂ ಇರಲಿ ಎನ್ನಿಸಿತು. ಅವ್ವ ಗುಡಿಗೆ ಹೋಗಿದ್ದಳು.

"ನಾ ಅಂಗೈಯಾಗ ಹಿಡಕೊಂಡು ಕುಂದ್ರತೀನಿ, ನೀವು ಬಲಗೈಲೆ ನೀರು ಹಾಕ್ರಿ," ಎಂದಳು ಹೆಂಡತಿ.

"ನಿನಗ ನಿನ್ನ ಲಿಂಗ ಐತಿ, ನನಗ ನಂದು. ನಿನ್ನ ಕೈಯಾಗ ಹೆಂಗ ಇಡ್ಲಿ? ಈ ಪಟ್ಟಿ ಎರಡು ಸುತ್ತು ಸಡ್ಲ ಮಾಡು."

"ಡಾಕ್ಟರು ಬ್ಯಾಡ ಅಂದಾರ್ರಿ."

"ಡಾಕ್ಟರ ಕೊರಳಾಗ ಲಿಂಗ ಐತೇನು? ಮಾಡು ಅಂದ್ರ ಮಾಡು!"

ಆಕೆ ಮತ್ತೊಮ್ಮೆ ಬೇಡವೆಂದಳು. ನಾನು ಇವತ್ತು ಊಟವೇ ಬೇಡವೆಂದು ತಟ್ಟೆ ದೂಡಿದೆ. ಆಕೆ ಗಂಟು ಬಿಚ್ಚಿದಳು. ಎರಡು ಸುತ್ತು ಸಾಲಲಿಲ್ಲ, ನಾಲ್ಕು ಬಿಚ್ಚಬೇಕಾಯಿತು. ಮೊಣಕೈಯನ್ನು ತನ್ನ ಎರಡೂ ಕೈಯಲ್ಲಿ ಆತುಕೊಂಡಳು. ನಾನು ಅಂಗೈಯನ್ನು ಹೊರಕ್ಕೆ ಹೊರಳಿಸಿ ಲಿಂಗ ಇಟ್ಟುಕೊಂಡೆ. ಒಂದು ಉದ್ಧರಣೆ ನೀರು ಎರೆದೆ. ಎರಡನೆಯದಕ್ಕೆ ಬಾಗಿದಾಗ ಭುಜದೊಳಗೆ ಏನೋ ಮೆಲ್ಲಗೆ ಸರಿಯಿತು. ನಾನು ಕೂಗಿದ್ದು ಬೀದಿಗೂ ಕೇಳಿತಂತೆ. ಲಿಂಗ ನೆಲಕ್ಕೆ ಬೀಳುವ ಮುಂಚೆ ಆಕೆ ಸೆರಗಿನಲ್ಲಿ ಹಿಡಿದಳು.

ಅವ್ವ ಓಡಿ ಬಂದಳು. ಬಿಚ್ಚಿದ ಪಟ್ಟಿ ನೋಡಿದಳು.

"ಇದ್ಯಾರು ಬಿಚ್ಚಿದ್ದು?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಕಣ್ಣು ಮುಚ್ಚಿ ನರಳುತ್ತಿದ್ದೆ. ನೋವು ಸುಳ್ಳಲ್ಲ. ಆದರೆ ನಾಲಿಗೆಗೆ ನೋವಿರಲಿಲ್ಲ.

"ಬಾಳ ಬಿಗಿ ಆಗೇತಿ ಅಂತ ನಾನ ಸಡ್ಲ ಮಾಡಿದ್ನಿರಿ, ಅತ್ತಿ," ಎಂದಳು ಆಕೆ.

"ನಿನ್ನ ಕೈಗೆ ಬೆಂಕಿ ಬೀಳಲಿ! ಕೂಡಿದ ಎಲುಬು ಮುರದು ಇಟ್ಟೆಲ್ಲಾ!"

ಮತ್ತೆ ಬಳ್ಳಾರಿಗೆ ಹೋದಾಗ ಡಾಕ್ಟರೂ ಅದನ್ನೇ ತೆಲುಗಿನಲ್ಲಿ ಕೇಳಿದರು, "ಎವರು ಇಪ್ಪಿನಾರು?" ಬಿಚ್ಚಿದವರು ಯಾರೆಂದು. ಆಕೆ "ನೇನೇ", ನಾನೇ, ಎಂದಳು. ಆಕೆಗಿಂತ ನನಗೇ ತೆಲುಗು ಚೆನ್ನಾಗಿ ಬರುತ್ತಿತ್ತು. ಹಸಿ ಗಾಯವನ್ನು ಮತ್ತೆ ಕೊಯ್ದರೆ ಕೀವಾಗುತ್ತದೆ, ಆದಷ್ಟು ಕೂಡಿಸಿ ಕಟ್ಟುತ್ತೇನೆ, ಕೈ ಪೂರ್ತಿ ಏಳಲಾರದು ಎಂದರು ಡಾಕ್ಟರು. ಹಾಗೆಯೇ ಆಯಿತು. ನನ್ನ ಎಡಗೈ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ.

ಆ ವಾರದ ಉಳಿದ ದಿನಗಳಲ್ಲಿ ಹೇಳಿಬಿಡಬಹುದಿತ್ತು. ಮೊದಲು ನೋವಿನ ನೆಪ, ಆಮೇಲೆ ಅವ್ವನ ಸಿಟ್ಟು ಇಳಿಯಲಿ ಎಂಬ ನೆಪ. ಅವ್ವನ ಸಿಟ್ಟು ಇಳಿಯಲಿಲ್ಲ, ರೂಢಿಯಾಯಿತು. ನಾನು ಅಂಗಿಯ ತೋಳಿಗೆ ಒದ್ದಾಡುವಾಗಲೆಲ್ಲ ಬಂದವರ ಮುಂದೆ, "ನಮ್ಮ ಸೊಸಿ ಕೈಗುಣ ನೋಡ್ರಿ," ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅಂಗಿಯ ಗುಂಡಿ ಹಾಕುತ್ತ ಹೆಂಡತಿ ತಲೆ ಎತ್ತದೆಯೇ ಅಂದಳು:

"ಅತ್ತಿಗೆ ಒಂದ ಸಲ ಹೇಳ್ರಿ. ಜಗಳ ಬ್ಯಾಡ. ನಾನೂ ಅಲ್ಲೇ ನಿಂತಿರ್ತೀನಿ, ಒಂದ ಸಲ ಹೇಳಿದ್ರ ಸಾಕು."

"ಹೇಳ್ತೀನಿ ಬಿಡು," ಎಂದೆ.

ಮೂರನೆಯ ವರ್ಷ ಮಳೆಗಾಲದ ಜ್ವರ ಎಂಟು ದಿನದಲ್ಲಿ ಆಕೆಯನ್ನು ಕರೆದುಕೊಂಡು ಹೋಯಿತು. ತಿಂಗಳು ಕಳೆದ ಮೇಲೆ, ಅವ್ವ ಅಕ್ಕಿ ಆರಿಸುತ್ತ ಕುಳಿತಿದ್ದಾಗ, ಬಿಚ್ಚಲು ಹೇಳಿದವನು ನಾನೇ ಎಂದು ಹೇಳಿದೆ. ಅವ್ವನ ಕೈ ಮೊರದ ಮೇಲೆ ನಿಂತಿತು.

"ಇಷ್ಟು ದಿನ ನನ್ನ ಬಾಯಿಲೆ ಆಕಿನ್ನ ಬೈಸಿದ್ಯಲ್ಲೋ," ಎಂದಳು.

ಹೇಳಬೇಕಾದದ್ದನ್ನು ಹೇಳಿದ್ದಾಯಿತು. ಹೇಳುವಾಗ ಪಕ್ಕದಲ್ಲಿ ನಿಂತು ಕೇಳಬೇಕೆಂದಿದ್ದವಳು ಇರಲಿಲ್ಲ.