ಕೂಸಿನ ಹಣೆಯ ಉಪ್ಪು

ನಮ್ಮ ಅತ್ತೆ ಗದಿಗೆವ್ವ ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ. ಸಂಜೆ ಬಂದವರೇ ಕೈಗೆ ಶೇಂಗಾ ಎಣ್ಣೆ ತಿಕ್ಕಿ, ಸೋಪು ಹಚ್ಚಿ ತೊಳೆದು, ಮತ್ತೆ ತಿಕ್ಕುತ್ತಾರೆ. ಅಷ್ಟಾದರೂ ನನ್ನ ಕೂಸನ್ನು ಬೆರಳಿನಿಂದ ಮುಟ್ಟುವುದಿಲ್ಲ. ಒಗೆದ ಬಟ್ಟೆ ಸುತ್ತಿದ ಮುಂಗೈ ಮೇಲೆ ಮಲಗಿಸಿಕೊಳ್ಳುತ್ತಾರೆ. ಎಂದೂ ಮುತ್ತಿಟ್ಟಿರಲಿಲ್ಲ. "ನನ್ನ ಮೈಯೆಲ್ಲಾ ಖಾರ ಐತೆವ್ವಾ" ಎನ್ನುತ್ತಾರೆ.

ಎರಡನೆಯ ಹೆರಿಗೆ ಗಂಡನ ಮನೆಯದು, ಹಾಗಾಗಿ ಬಾಣಂತನವೂ ಅವರದೇ. ಅಂಥವರೇ ನಿನ್ನೆ ನನ್ನ ದಾರಿಗೆ ಅಡ್ಡ ನಿಂತರು.

ಕೂಸು ಹುಟ್ಟಿದಾಗ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಹಿಮ್ಮಡಿಯಿಂದ ರಕ್ತದ ಹನಿ ತೆಗೆದಿದ್ದರು. ಮೊನ್ನೆ ಡಾಕ್ಟರು ಫೋನ್ ಮಾಡಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯ ಅನುಮಾನವಂತೆ, ಇನ್ನೂ ಅನುಮಾನ ಅಷ್ಟೇ. ಅದಿದ್ದರೆ ಎದೆಯಲ್ಲಿ ಕಫ ಅಂಟಾಗಿ ಕೂರುತ್ತದೆ, ಕುಡಿದ ಹಾಲು ಮೈಗೆ ಹತ್ತುವುದಿಲ್ಲ, ಬೆವರು ವಿಪರೀತ ಉಪ್ಪಾಗಿರುತ್ತದೆ. ಬೇಗ ಗೊತ್ತಾದಷ್ಟೂ ಕೂಸಿಗೆ ಒಳ್ಳೆಯದು, ಹುಬ್ಬಳ್ಳಿಗೆ ಹೋಗಿ ಬೆವರಿನ ಪರೀಕ್ಷೆ ಮಾಡಿಸಿ ಎಂದರು.

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲೂಡಿಸುತ್ತಲೇ ಕೂಸಿನ ಹಣೆಗೆ ತುಟಿ ಒತ್ತುತ್ತೇನೆ. ಉಪ್ಪು. ನನ್ನದೇ ಬೆವರೇನೋ ಎಂದು ಬಾಯಿ ತೊಳೆದು ಬಂದು ಮತ್ತೆ ಒತ್ತುತ್ತೇನೆ.

"ಹಸಿ ಬಾಣಂತಿ, ಎಳೀ ಕೂಸು. ಹುಬ್ಬಳ್ಳಿಗಿ ಅಂತ ಹುಬ್ಬಳ್ಳಿಗಿ!" ಎಂದು ನಿನ್ನೆ ಅತ್ತೆ ರೇಗಿದರು.

"ಕೆಮ್ಮಾಕತ್ತೈತಲ್ರಿ ಅತ್ತಿ."

"ಬ್ಯಾಡಗ್ಯಾಗ ಕೆಮ್ಮದವ್ರು ಯಾರದಾರ ತೋರ್ಸು. ಮೆಣಸಿನಕಾಯಿ ಸೀಜನ್ ಬಂತಂದ್ರ ಬಸ್ಸಿನ ಕಂಡಕ್ಟರನೂ ಕೆಮ್ಮತಾನ. ಬೆವರು ಬೇಕಂದ್ರ ಆ ಡಾಕ್ಟರು ನಮ್ಮ ಗೋದಾಮಿಗಿ ಬರ್ಲಿ, ಕೊಡ ತುಂಬಿ ಕೊಡ್ತೀನಿ!"

ನನ್ನ ಗಂಡ ಶಶಿಕಾಂತ ನಕ್ಕುಬಿಟ್ಟರು. ನನಗೆ ಅಳು ಬಂತು.

"ನೀವರ ಒಮ್ಮೆ ಮುತ್ತು ಕೊಟ್ಟು ನೋಡ್ರಿ. ನನ್ನ ಭ್ರಮಿ ಅಂದ್ರ ಸುಮ್ನ ಕುಂದರ್ತೀನಿ."

"ಖಾರ ತಿಂದು ನನ್ನ ನಾಲಿಗಿ ಯಾವಾಗೋ ಸತ್ತೈತಿ ತಗೋ" ಎಂದು ಎದ್ದು ಹೋದರು.

ಇವತ್ತು ಬೆಳಿಗ್ಗೆ ಅವರು ಕೆಲಸಕ್ಕೆ ಹೊರಡಲಿಲ್ಲ. ತಲೆಗೆ ನೀರು ಹಾಕಿಕೊಂಡು, ಟ್ರಂಕಿನಲ್ಲಿದ್ದ, ಖಾರದ ಘಾಟು ತಾಗದ ಸೀರೆ ಉಟ್ಟು ಬಂದು ಕೂತರು.

"ಕೊಡಿಲ್ಲಿ."

ಹಣೆಗೆ ತುಟಿ ಇಟ್ಟರು. ಮೊದಲ ಮುತ್ತು. ಕಣ್ಣು ಮುಚ್ಚಿ ತುಟಿ ಚೀಪಿದರು. ಸುಳ್ಳಾಗಲಿ, ನನ್ನದೇ ಭ್ರಮೆಯಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವರು ಇನ್ನೊಮ್ಮೆ, ಕಿವಿಯ ಹಿಂದೆ, ಮುತ್ತಿಟ್ಟರು. ಕೂಸು ಕೆಮ್ಮಿತು.

"ಶಶಿ, ಹುಬ್ಬಳ್ಳಿ ಬಸ್ ಎಷ್ಟೊತ್ತಿಗೈತಿ?"

ಆಮೇಲೆ ನನ್ನತ್ತ ತಿರುಗಿ ಗದರಿದರು.

"ನಿಂತು ಏನ್ ನೋಡ್ತಿ? ಕೂಸಿನ ತಲೀಗಿ ಹಾಕೋ ಕುಂಚಿಗಿ ಎಲ್ಲಿಟ್ಟೀದಿ? ಲಗೂ ತಾ."