ಅಡ್ಡಗೆರೆ ಹಾಕಿದ ದಿನಗಳು

ಸಂಜೆ ನಾಲ್ಕು ಗಂಟೆ ನಲವತ್ತೆರಡು ನಿಮಿಷ. ನನ್ನ ಫೋನಿನಲ್ಲಿ ಆ ಸಾಲು ಇನ್ನೂ ಇದೆ: ಒಂಬತ್ತನೇ ಮೀನು, ಜಿಲೇಬಿ ಜಾತಿ, ನೀರು ಮೊಣಕಾಲುದ್ದ. ದಡದಲ್ಲಿ ಕೂತು ಅದನ್ನು ಒತ್ತಿ ತಲೆಯೆತ್ತಿದಾಗ ನಮ್ಮ ಮನೆಯವರು ಹೊಳೆಯ ನಡುವಿನ ಬಂಡೆಯ ಮೇಲೆ ಬಗ್ಗಿ ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಿದ್ದರು. ಬಂಡೆಯ ಸುತ್ತ ನೀರು ಟೀ ಬಣ್ಣಕ್ಕೆ ತಿರುಗಿತ್ತು. ನಾನು ಅದನ್ನು ನೋಡಿದೆ. ನೋಡಿ, ನೀರಿನ ಬಣ್ಣ ಬರೆಯಲು ಇನ್ನೊಂದು ಕಾಲಂ ಇರಬೇಕಿತ್ತು ಎಂದುಕೊಂಡೆ. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಅಷ್ಟೇ.

ಅದು ಪಾಪಿರೆಡ್ಡಿಪಟ್ಟಿಯ ಆಚೆ, ಬೆಟ್ಟದಿಂದ ಇಳಿದು ಬರುವ ಹೊಳೆ. ಆ ದಿನ, ಆ ಗಂಟೆ, ಆ ಬಂಡೆ ಮೂರನ್ನೂ ಆರಿಸಿದವಳು ನಾನು.

ನಾನು ಸೇಲಂನ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಟೆಸ್ಟಿಂಗ್ ಮಾಡುತ್ತೇನೆ. ಕಾಲೇಜಿನಲ್ಲಿ ಓದಿದ್ದು ಸಂಖ್ಯಾಶಾಸ್ತ್ರ. ಪ್ರೋಗ್ರಾಮಿನ ಯಾವ ಭಾಗದಲ್ಲಿ ತಪ್ಪುಗಳು ಹೆಚ್ಚು, ವಾರದ ಯಾವ ದಿನ ಬರೆದ ಕೋಡ್ ಬೇಗ ಕೆಡುತ್ತದೆ ಎಂದು ಹಳೆಯ ದಾಖಲೆಗಳನ್ನು ಕೂಡಿಸಿ ಗ್ರಾಫ್ ಬಿಡಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆ ಚಟ ಮನೆಗೂ ಬಂತು. ಇಡ್ಲಿ ಹಿಟ್ಟು ಎಷ್ಟು ಗಂಟೆಗೆ ಉಬ್ಬಿತು, ಮಹಡಿಯ ಮಲ್ಲಿಗೆ ಎಷ್ಟು ಮೊಗ್ಗು ಬಿಟ್ಟಿತು, ಎಲ್ಲಕ್ಕೂ ಒಂದು ಪಟ್ಟಿ.

ನಮ್ಮ ಮನೆಯವರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾರೆ. ಭಾನುವಾರ ಬಂದರೆ ಗಾಳ. ಈ ಹುಚ್ಚು ಅವರಿಗೆ ಅಪ್ಪನಿಂದ ಬಂದದ್ದು. ಮಾವ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು. ಮಗ್ಗ ಬಿಟ್ಟ ಮೇಲೆ ಹೊಳೆಗೆ ಹೋದ ಪ್ರತಿ ದಿನವನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಮಿಳಿನಲ್ಲಿ ಬರೆದಿಟ್ಟಿದ್ದರು: ಜಾಗ, ಹೊತ್ತು, ಬೆಟ್ಟದ ಮೇಲೆ ಮೋಡ ಇತ್ತೋ ಇಲ್ಲವೋ, ನೀರಿನ ಆಳ, ಮೀನು. ಆಳಕ್ಕೆ ಅವರ ಅಳತೆ ಕಣಕಾಲು, ಮೊಣಕಾಲು, ತೊಡೆ. ನಾನು ಅದನ್ನು ಒಂದು, ಎರಡು, ಮೂರು ಎಂದು ಬದಲಾಯಿಸಿ ಕಂಪ್ಯೂಟರಿಗೆ ಹಾಕಿದೆ. ಮೀನಿನ ಕಾಲಂನಲ್ಲಿ ಕೆಲವು ಕಡೆ ಸೊನ್ನೆ ಇತ್ತು, ಕೆಲವು ಕಡೆ ಬರೀ ಒಂದು ಅಡ್ಡಗೆರೆ. ಅಡ್ಡಗೆರೆಯೆಂದರೆ ಬರೆಯಲು ಮರೆತದ್ದು ಎಂದುಕೊಂಡು ಆ ಸಾಲುಗಳನ್ನು ಅಳಿಸಿದೆ. ಕಚೇರಿಯಲ್ಲೂ ಹಾಗೇ ಮಾಡುತ್ತಿದ್ದೆ. ಮಾವ ಪಕ್ಕದ ಕೋಣೆಯಲ್ಲೇ ಟಿವಿ ನೋಡುತ್ತಿದ್ದರು. ಎದ್ದು ಹೋಗಿ ಕೇಳಬೇಕು ಅನ್ನಿಸಲಿಲ್ಲ.

ಉಳಿದ ಸಾಲುಗಳ ಪ್ರಕಾರ ಬೆಟ್ಟದ ಮೇಲೆ ಮೋಡ ಕವಿದ ದಿನ, ನಾಲ್ಕು ಗಂಟೆಯ ಮೇಲೆ, ಆ ಬಂಡೆಯ ಬಳಿ ಮೀನು ಎಲ್ಲಕ್ಕಿಂತ ಹೆಚ್ಚು. ಆ ಭಾನುವಾರ ಮಾವ ಕಾರಿಮಂಗಲಂನ ಮಗಳ ಮನೆಯಲ್ಲಿದ್ದರು. ಬೆಟ್ಟ ಕಪ್ಪಗಿತ್ತು, ನಮ್ಮ ತಲೆಯ ಮೇಲೆ ಬಿಸಿಲಿತ್ತು. ಮನೆಯವರು ಸ್ವಲ್ಪ ಅನುಮಾನಿಸಿದರು. ನಾನು ಗ್ರಾಫ್ ತೋರಿಸಿದೆ.

ಆ ಒಂಬತ್ತನೇ ಮೀನಿನ ಸಾಲು ಬರೆದ ಮೇಲೆ ಮೊದಲು ಎಲೆ, ಕಡ್ಡಿ ತೇಲಿ ಬಂದವು. ಆಮೇಲೆ ಲಾರಿ ಹತ್ತಿರ ಬರುವಂಥ ಶಬ್ದ. ದಡದ ಮೇಲೆ ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ನೀರು ಬರುತ್ತಿದೆ, ಮೇಲೆ ಹತ್ತಿ ಎಂದು ತಮಿಳಿನಲ್ಲಿ ಕೂಗಿಕೊಂಡಳು. ಮನೆಯವರು ಓಡದೆ ಮೀನಿನ ಚೀಲಕ್ಕೆ ಬಗ್ಗಿದರು. ಅವರು ನೆಟ್ಟಗಾಗುವಷ್ಟರಲ್ಲಿ ಬಂಡೆ ಕಾಣುತ್ತಿರಲಿಲ್ಲ. ನೀರು ಅವರ ಸೊಂಟಕ್ಕೆ ಬಂದಿತ್ತು. ನಮ್ಮಿಬ್ಬರ ನಡುವೆ ಹತ್ತು ಹೆಜ್ಜೆ. ಒಂದು ಕೈ ಎತ್ತಿದರು, ಕಾಲು ತಪ್ಪಿತು, ಕೆಳಗಿನ ಹೊಂಗೆಮರದ ಬೇರಿಗೆ ಬಡಿದು ಅಲ್ಲೇ ಸಿಕ್ಕಿಕೊಂಡರು.

ಆ ಹೆಂಗಸಿನ ಕೈಯಲ್ಲಿ ಮೇಕೆಗೆ ಸೊಪ್ಪು ಎಳೆಯುವ, ತುದಿಗೆ ಕೊಕ್ಕೆಯಿದ್ದ ಬಿದಿರಿನ ದೋಟಿ ಇತ್ತು. ಅವಳು ಅದನ್ನು ನೀರಿನ ಮೇಲೆ ಚಾಚಿದಳು. ನಾನು ಅವಳ ಸೊಂಟ ಹಿಡಿದುಕೊಂಡು ಕೂತೆ. ಕೊಕ್ಕೆ ಮೊದಲ ಸಲ ತಪ್ಪಿತು. ಎರಡನೇ ಸಲ ಅಂಗಿಗೆ ಸಿಕ್ಕಿ ಅಂಗಿ ಹರಿಯಿತು. ಮೂರನೇ ಸಲ ಅವರೇ ಬಿದಿರನ್ನು ಹಿಡಿದರು. ಎಷ್ಟು ಹೊತ್ತು ಎಳೆದೆವೋ ಗೊತ್ತಿಲ್ಲ. ನನ್ನ ಬಳಿ ಅಂಕಿಯಿಲ್ಲದ ಹೊತ್ತು ಅದೊಂದೇ.

ನಾನು ಅಳುತ್ತಿದ್ದದ್ದು ಕನ್ನಡದಲ್ಲಿ ಎಂದು ಗೊತ್ತಾಗಿ ಅವಳೂ ಕನ್ನಡಕ್ಕೆ ತಿರುಗಿದಳು.

"ಬೆಟ್ಟ ಅಷ್ಟು ಕರ್ಗೆ ನಿಂತೈತೆ, ಕಣ್ಣು ಕಾಣಲ್ವಾ? ನನ್ನ ಮೇಕೆಗೂ ಗೊತ್ತು, ನೀರತ್ರ ಓಗಲ್ಲ. ಓದಿದೋರಂಗೆ ಕಾಣ್ತೀರ."

ಮನೆಯವರು ವಾಂತಿ ಮಾಡಿಕೊಳ್ಳುತ್ತಿದ್ದರು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವಳು ತನ್ನ ಟವೆಲ್ ಕೊಟ್ಟಳು.

ಮಾರನೆಯ ದಿನ ಮಾವ ಬಂದರು. ಮಗನ ಕೈಗೆ ಹಾಕಿದ ಹೊಲಿಗೆ ನೋಡಿದರು, ಎಲ್ಲವನ್ನೂ ಕೇಳಿದರು. ಆಮೇಲೆ ನಾನು ನೋಟ್‌ಬುಕ್ ತಂದು ಅಡ್ಡಗೆರೆಯ ಮೇಲೆ ಬೆರಳಿಟ್ಟೆ.

"ಅದು ನೀರು ನೋಡಿ ತಿರುಗಿ ಬಂದ ದಿನ ಅಮ್ಮಣಿ," ಎಂದರು. "ಇಳೀಲೇ ಇಲ್ಲ. ಇಳಿದೂ ಸಿಗದಿದ್ರೆ ಸೊನ್ನೆ ಆಕಿದೀನಲ್ಲ?"

ಬೆಟ್ಟ ಕಪ್ಪಾಗಿದ್ದಾಗ ಅವರು ಇಳಿದದ್ದು ಆ ಮೋಡ ಸುರಿಯುವುದಿಲ್ಲ ಎಂದು ಕಂಡ ದಿನಗಳಲ್ಲಿ ಮಾತ್ರ. ಸುರಿಯುವ ದಿನಗಳೆಲ್ಲ ಅಡ್ಡಗೆರೆಯಲ್ಲಿದ್ದವು. ಅವನ್ನೇ ಆರಿಸಿ ತೆಗೆದುಹಾಕಿ, ಉಳಿದದ್ದನ್ನು ತೋರಿಸಿ ನಾನು ಗಂಡನನ್ನು ನೀರಿಗೆ ಇಳಿಸಿದ್ದೆ. ಮನೆಯವರು ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಕಚೇರಿಯಲ್ಲಿ ನನ್ನ ಹಳೆಯ ವರದಿಗಳನ್ನು ತೆರೆಯಲು ಹೆದರಿಕೆಯಾಯಿತು. ತೆರೆದೆ. ಒಂದು ಆಸ್ಪತ್ರೆಗಾಗಿ ಬರೆಯುತ್ತಿದ್ದ ಪ್ರೋಗ್ರಾಮಿನಲ್ಲಿ, ಔಷಧದ ಪ್ರಮಾಣ ತೋರಿಸುವ ಭಾಗದಲ್ಲಿ ತಪ್ಪೇ ಇಲ್ಲವೆಂದು ಹಸಿರು ಬಣ್ಣ ಹಾಕಿದ್ದೆ. ಅದನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ. ಅದು ಇನ್ನೂ ಹೊರಗೆ ಹೋಗಿರಲಿಲ್ಲ, ಅಷ್ಟೇ ಪುಣ್ಯ. ಕೂತಲ್ಲಿಂದ ಎದ್ದು ಓಡಿ ಹೋಗಿ ಮ್ಯಾನೇಜರಿಗೆ ಹೇಳಿದೆ. ಇದಕ್ಕೇಕೆ ಇಷ್ಟು ಗಾಬರಿ ಎಂದು ಅವರಿಗೆ ಅರ್ಥವಾಗಲಿಲ್ಲ.

ದಿನವೂ ನಡುರಾತ್ರಿ ಎಚ್ಚರವಾಗುತ್ತಿತ್ತು. ಮನೆಯವರ ಮೂಗಿನ ಹತ್ತಿರ ಕೈಯಿಟ್ಟು ನೋಡುತ್ತಿದ್ದೆ. ಇಟ್ಟದ್ದು ಅವರಿಗೆ ಗೊತ್ತಾಗುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಐದು ವಾರವಾದ ಮೇಲೆ ಒಂದು ಶನಿವಾರ, ಊಟ ಮಾಡುತ್ತ ಅವರೇ ಮಾತೆತ್ತಿದರು. "ಗ್ರಾಫ್ ನೀನು ತೋರ್ಸ್‌ದೆ, ಸರಿ. ಬೆಟ್ಟ ನಾನೂ ನೋಡ್ದೆ. ಸಣ್ಣೋನಿಂದ ಅಪ್ಪನ ಜೊತೆ ಓಗಿರೋನು ನಾನು, ನೀನಲ್ಲ. ಒಂಬತ್ತು ಮೀನಿನ ಆಸೇಲಿ ನಿಂತೆ." ಅನ್ನ ಕಲಸುತ್ತಲೇ ಹೇಳಿದರು, ನನ್ನ ಮುಖ ನೋಡಲಿಲ್ಲ. ಆ ಬಂಡೆಯ ಮೇಲೆ ನಾವಿಬ್ಬರೂ ಇದ್ದೆವು ಎಂದು ನನಗೆ ಮೊದಲ ಸಲ ಅನ್ನಿಸಿತು.

ಭಾನುವಾರ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ಮನೆಯವರು ಎದ್ದು ಕೂತು ನನ್ನನ್ನೇ ನೋಡುತ್ತಿದ್ದರು. ಕಣ್ಣು ಕೆಂಪಗಿದ್ದವು.

"ರಾತ್ರಿ ನೀನು ಏಳ್ಲೇ ಇಲ್ಲ," ಎಂದರು. "ಏನಾಯ್ತೋ ಅಂತ ನಾನೇ ಎರಡು ಸಲ ಎದ್ದು ನಿನ್ನ ಮೂಗಿನತ್ರ ಕೈ ಇಟ್ಟು ನೋಡ್ದೆ."